ಎದೆಯ ಗಂಟು, ಕಾಯುವ ದಿನಗಳು: ಒಂದು ಹಳೇ ಭಯದ ಚರಿತ್ರೆ

ಸ್ನಾನ ಮಾಡುವಾಗಲೋ, ರವಿಕೆ ಹಾಕಿಕೊಳ್ಳುವಾಗಲೋ, ಮಗುವಿಗೆ ಹಾಲು ಕುಡಿಸುವಾಗಲೋ ಕೈಗೆ ಒಂದು ಗಂಟು ಸಿಗುತ್ತದೆ. ನಿನ್ನೆ ಇತ್ತೋ ಇಲ್ಲವೋ ಗೊತ್ತಿಲ್ಲ. ಇವತ್ತಂತೂ ಇದೆ. ಆ ಗಳಿಗೆಯಿಂದ ಡಾಕ್ಟರು 'ಇದು ಇಂಥದ್ದು' ಎಂದು ಹೇಳುವವರೆಗಿನ ದಿನಗಳಿವೆಯಲ್ಲ, ಅವು ಬಹಳ ಉದ್ದ. ಕೈ ಕೆಲಸ ಮಾಡುತ್ತಿರುತ್ತದೆ, ಮನಸ್ಸು ಆ ಗಂಟಿನ ಮೇಲೇ ಇರುತ್ತದೆ. ಎಷ್ಟೋ ಮಂದಿ ಆ ದಿನಗಳನ್ನು ತಿಂಗಳು ಮಾಡಿಕೊಳ್ಳುತ್ತಾರೆ, ತಿಂಗಳನ್ನು ವರ್ಷ ಮಾಡಿಕೊಳ್ಳುತ್ತಾರೆ. ಗಂಡನಿಗೂ ಹೇಳುವುದಿಲ್ಲ, ತಾಯಿಗೂ ಹೇಳುವುದಿಲ್ಲ.

ನಮ್ಮ ಬಳಗದಲ್ಲಿ ಈ ವಿಷಯ ಬರೆಯೋಣ ಎಂದು ಕೂತಾಗ ಮೊದಲು ಬಂದ ಪ್ರಶ್ನೆಯೇ 'ಮೊಲೆ' ಎಂಬ ಪದವನ್ನು ಬರೆಯುವುದೋ ಬೇಡವೋ ಎಂಬುದು. ದನಕ್ಕೆ ಕೆಚ್ಚಲು ಬಾವು ಬಂದರೆ ಊರ ಕಟ್ಟೆಯ ಮೇಲೆ ಕೂತು ಮಾತಾಡುತ್ತೇವೆ. ಹೆಂಗಸಿನ ಎದೆಗೆ ಗಂಟು ಬಂದರೆ ಮನೆಯೊಳಗೂ ಮಾತಿಲ್ಲ. ಈ ನಾಚಿಕೆ ನಮ್ಮೂರಿನದು ಮಾತ್ರ ಅಲ್ಲ, ನಿನ್ನೆ ಮೊನ್ನೆಯದೂ ಅಲ್ಲ. ಇದಕ್ಕೆ ಎರಡೂವರೆ ಸಾವಿರ ವರ್ಷದ ಚರಿತ್ರೆ ಇದೆ. ಆ ಚರಿತ್ರೆ ಓದಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಇವತ್ತು ನಮ್ಮನ್ನು ಕಾಡುವ ಭಯದಲ್ಲಿ ಬಹುಪಾಲು ಹಳೇ ಕಾಲದ್ದು. ಆ ಕಾಲದಲ್ಲಿ ಅದಕ್ಕೆ ಸರಿಯಾದ ಕಾರಣ ಇತ್ತು. ಆ ಕಾರಣಗಳು ಒಂದೊಂದಾಗಿ ಹೋದವು, ಭಯ ಮಾತ್ರ ಹಾಗೇ ಉಳಿಯಿತು.

ಮುಚ್ಚಿಟ್ಟ ರಾಣಿ

ಪರ್ಷಿಯಾ ಸಾಮ್ರಾಜ್ಯದ ದೊರೆ ಡೇರಿಯಸ್‌ನ ರಾಣಿಯ ಹೆಸರು ಅಟೋಸಾ. ಅವಳ ಅಪ್ಪ ಸೈರಸ್ ಕೂಡ ಮಹಾ ಚಕ್ರವರ್ತಿ. ಅವಳ ಎದೆಯಲ್ಲಿ ಒಂದು ಗಂಟು ಎದ್ದಿತೆಂದು ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಬರೆದಿದ್ದಾನೆ. ಗಂಟು ಚಿಕ್ಕದಿದ್ದಾಗ ಅವಳು ನಾಚಿಕೆಯಿಂದ ಯಾರಿಗೂ ಹೇಳದೆ ಮುಚ್ಚಿಟ್ಟಳು. ಅದು ಒಡೆದು ಹರಡತೊಡಗಿದ ಮೇಲೆ ಡೆಮೊಸಿಡೀಸ್ ಎಂಬ ಗ್ರೀಕ್ ವೈದ್ಯನನ್ನು ಕರೆಸಿದಳು. ಅವನು ಗುಣಪಡಿಸಿದ.

ಗುಣವಾಯಿತು ಎಂದರೆ ಅದು ಕ್ಯಾನ್ಸರ್ ಆಗಿರಲಿಕ್ಕಿಲ್ಲ, ಕೀವಿನ ಬಾವು ಇದ್ದಿರಬಹುದು. ನಾವು ಗಮನಿಸಬೇಕಾದದ್ದು ಬೇರೆ. ಅರಮನೆ ಇತ್ತು, ದಾಸಿಯರು ಇದ್ದರು, ಲೋಕದ ಒಳ್ಳೊಳ್ಳೆ ವೈದ್ಯರು ಕೈಗೆಟಕುವಷ್ಟು ಹತ್ತಿರ ಇದ್ದರು. ಆದರೂ ರಾಣಿ ಮುಚ್ಚಿಟ್ಟಳು. ಅಂದಮೇಲೆ ಇವತ್ತು ನಮ್ಮ ಅಕ್ಕನೋ ಅತ್ತೆಯೋ ಮುಚ್ಚಿಟ್ಟರೆ 'ಓದಿಲ್ಲ, ತಿಳಿವಳಿಕೆ ಇಲ್ಲ' ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಭಯ ಮತ್ತು ನಾಚಿಕೆ ಸೇರಿದರೆ ಯಾರನ್ನಾದರೂ ಮೂಕರನ್ನಾಗಿ ಮಾಡುತ್ತವೆ.

ಎಲ್ಲ ಗಂಟೂ ಒಂದೇ ಅಲ್ಲ

ಈಜಿಪ್ಟಿನಲ್ಲಿ ಸಿಕ್ಕ ಒಂದು ಹಳೆಯ ವೈದ್ಯದ ಸುರುಳಿ ಇದೆ. ಕ್ರಿಸ್ತಪೂರ್ವ 1600ರ ಸುಮಾರಿನದು. ಅದರಲ್ಲಿ ಒಂದೊಂದು ಕಾಯಿಲೆಯನ್ನೂ ವಿವರಿಸಿ, ಕೊನೆಗೆ ಏನು ಮಾಡಬೇಕು ಎಂದು ಬರೆದಿದೆ. ಎದೆಯಲ್ಲಿ ಉಬ್ಬಿದ ಗಟ್ಟಿ ಗಂಟಿನ ವಿಷಯ ಬಂದಾಗ, ಇದಕ್ಕೆ ಚಿಕಿತ್ಸೆ ಇಲ್ಲ ಎಂದು ಮುಗಿಸಿದೆ. ಆಮೇಲೆ ಗ್ರೀಕರು ಈ ರೋಗಕ್ಕೆ ಏಡಿಯ ಹೆಸರಿಟ್ಟರು. ಕನ್ನಡದಲ್ಲಿ 'ಏಡಿಗಂತಿ' ಎಂಬ ಪದ ಬಂದದ್ದು ಇದೇ ಅರ್ಥದಿಂದ.

ನಮ್ಮ ಸುಶ್ರುತ ಸಂಹಿತೆಯಲ್ಲಿ ಗ್ರಂಥಿ ಮತ್ತು ಅರ್ಬುದ ಎಂದು ಎರಡು ಬೇರೆ ಹೆಸರುಗಳಿವೆ. ಗ್ರಂಥಿ ಎಂದರೆ ಸಾಮಾನ್ಯ ಗಂಟು. ಅರ್ಬುದ ಎಂದರೆ ಆಳಕ್ಕೆ ಬೇರೂರಿ, ಅಲುಗಾಡದೆ, ನಿಧಾನವಾಗಿ ಬೆಳೆಯುವ ದೊಡ್ಡ ಗಂಟು. ಎಲ್ಲ ಗಂಟೂ ಒಂದೇ ಅಲ್ಲ ಎಂಬ ತಿಳಿವಳಿಕೆ ಆಗಲೇ ಇತ್ತು. ಆದರೆ ಯಾವುದು ಯಾವುದು ಎಂದು ಖಚಿತವಾಗಿ ಹೇಳುವ ದಾರಿ ಇರಲಿಲ್ಲ.

1829ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಸ್ತನದ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಜೀವ ತೆಗೆಯುವ ಗಂಟು ಬೇರೆ, ಹಾಗೇ ಇದ್ದುಬಿಡುವ ಗಂಟು ಬೇರೆ, ನೀರು ತುಂಬಿದ ಚೀಲದಂಥದ್ದು ಬೇರೆ ಎಂದು ಬಿಡಿಸಿ ತೋರಿಸಿದ. ಇವತ್ತು ವಯಸ್ಸಿನ ಹುಡುಗಿಯರಲ್ಲಿ ಬೆರಳಿಗೆ ಸಿಕ್ಕಿದರೂ ಜಾರುವ, ಗೋಲಿಯಂಥ ಗಂಟಿಗೆ ಡಾಕ್ಟರು 'ಫೈಬ್ರೊಅಡಿನೋಮ' ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ. ಮುಟ್ಟಿನ ಹತ್ತಿರ ಗಂಟುಗಂಟಾಗಿ ನೋಯುವುದೂ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಹಾಲೂಡಿಸುವ ತಾಯಿಗೆ ಕೆಂಪಗೆ ಊದಿ ಜ್ವರ ಬಂದರೆ ಬಹುತೇಕ ಅದು ಹಾಲಿನ ಬಾವು. ಹೆಂಗಸರಿಗೆ ಕಾಣಿಸುವ ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಾಗೆಂದು ನಾವೇ ಮನೆಯಲ್ಲಿ ಕೂತು ತೀರ್ಮಾನಿಸುವಂತಿಲ್ಲ. ವಯಸ್ಸು ಹೆಚ್ಚಿದಷ್ಟೂ ಅನುಮಾನವೂ ಹೆಚ್ಚು.

ಕತ್ತಿಯ ಕಾಲ

ಹಿಂದಿನವರು ಯಾಕೆ ಅಷ್ಟು ಹೆದರುತ್ತಿದ್ದರು ಎಂಬುದು ಫ್ಯಾನಿ ಬರ್ನಿಯ ಕತೆ ಓದಿದರೆ ಗೊತ್ತಾಗುತ್ತದೆ. ಅವಳು ಇಂಗ್ಲೆಂಡಿನ ಹೆಸರಾಂತ ಕಾದಂಬರಿಕಾರ್ತಿ. ಪ್ಯಾರಿಸ್‌ನಲ್ಲಿ ವಾಸವಿದ್ದಾಗ ಎದೆಯಲ್ಲಿ ಗಂಟು ಕಂಡಿತು. 1811ರ ಸೆಪ್ಟೆಂಬರ್ 30ರಂದು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ ಮತ್ತು ಅವನ ಸಂಗಡಿಗರು ಅವಳ ಮನೆಯಲ್ಲೇ ಸ್ತನವನ್ನು ಕತ್ತರಿಸಿ ತೆಗೆದರು. ಆಗ ಅರಿವಳಿಕೆ ಎಂಬುದೇ ಇರಲಿಲ್ಲ. ಕುಡಿಯಲು ಸ್ವಲ್ಪ ಮದ್ಯ ಕೊಟ್ಟರು, ಮುಖದ ಮೇಲೆ ಒಂದು ತೆಳುವಾದ ಕರವಸ್ತ್ರ ಹಾಕಿದರು. ಆ ಬಟ್ಟೆಯ ಮೂಲಕ ಅವಳಿಗೆ ಕತ್ತಿಯ ಹೊಳಪು ಕಾಣಿಸುತ್ತಿತ್ತು.

ಇದರಲ್ಲಿ ಕಾಯುವಿಕೆಯ ಒಂದು ಪಾಠವಿದೆ. ಅವಳು ಚಿಂತೆ ಮಾಡಬಾರದು ಎಂದು ವೈದ್ಯರು ಶಸ್ತ್ರಚಿಕಿತ್ಸೆಯ ದಿನವನ್ನೇ ಅವಳಿಂದ ಮುಚ್ಚಿಟ್ಟಿದ್ದರು. ಆ ದಿನ ಬೆಳಿಗ್ಗೆಯಷ್ಟೇ ತಿಳಿಸಿದರು. ಅದರಿಂದ ಅವಳ ಚಿಂತೆ ಕಡಿಮೆಯಾಗಲಿಲ್ಲ. ಯಾವಾಗ ಬರುತ್ತಾರೋ ಎಂದು ದಿನ ದಿನವೂ ಬೆಚ್ಚುತ್ತಾ ಇದ್ದಳು. ಇತ್ತ ಅವಳು ತನ್ನ ಗಂಡನಿಗೆ ಆ ದಿನ ಗೊತ್ತಾಗದಂತೆ ನೋಡಿಕೊಂಡಳು. ಅವನು ನೋಡಿ ತಡೆದುಕೊಳ್ಳಲಾರ ಎಂಬುದು ಅವಳ ಯೋಚನೆ. ಹೀಗೆ ಒಬ್ಬರ ಮೇಲಿನ ಪ್ರೀತಿಯಿಂದ ಇನ್ನೊಬ್ಬರು ಮುಚ್ಚಿಡುತ್ತಾ ಹೋದರು. ನಮ್ಮ ಮನೆಗಳಲ್ಲೂ ಇವತ್ತಿಗೂ ಹೀಗೇ ನಡೆಯುತ್ತದೆ.

ಮುಂದಿನ ವರ್ಷ ಅವಳು ತನ್ನ ಅಕ್ಕ-ತಂಗಿಯರಲ್ಲಿ ಒಬ್ಬಳಾದ ಎಸ್ತರ್‌ಗೆ ಎಲ್ಲವನ್ನೂ ಪತ್ರದಲ್ಲಿ ಬರೆದಳು. ಆ ಒಂದು ಪತ್ರ ಬರೆಯಲು ತಿಂಗಳುಗಳೇ ಬೇಕಾದವು. ಆಮೇಲೆ ಅವಳು 1840ರವರೆಗೆ ಬದುಕಿದಳು. ಸಾಯುವಾಗ ಅವಳಿಗೆ 87 ವರ್ಷ.

ಫ್ಯಾನಿಗಿಂತ ಏಳು ವರ್ಷ ಮೊದಲು, 1804ರ ಅಕ್ಟೋಬರ್ 13ರಂದು, ಜಪಾನಿನ ಹನಓಕ ಸೇಯ್ಷು ಎಂಬ ವೈದ್ಯ ಗಿಡಮೂಲಿಕೆಗಳ ಕಷಾಯ ಕುಡಿಸಿ, ಪ್ರಜ್ಞೆ ತಪ್ಪಿಸಿ, 60 ವರ್ಷದ ಮಹಿಳೆಯೊಬ್ಬಳ ಎದೆಯ ಗಂಟು ತೆಗೆದಿದ್ದ. ಆಗ ಜಪಾನಿನ ಬಾಗಿಲು ಹೊರಲೋಕಕ್ಕೆ ಬಹುಪಾಲು ಮುಚ್ಚಿತ್ತು. ಪ್ಯಾರಿಸ್ಸಿಗೆ ಆ ಸುದ್ದಿ ಮುಟ್ಟಲಿಲ್ಲ. 1846ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ ಮೇಲೆ ಅರಿವಳಿಕೆ ಲೋಕಕ್ಕೆಲ್ಲ ಹಬ್ಬಿತು. ಆವತ್ತಿನಿಂದ ಕತ್ತಿಯ ನೋವಿನ ಭಯಕ್ಕೆ ಇದ್ದ ಕಾರಣ ಹೋಯಿತು.

ಎದ್ದು ಎದೆ ತಡವಿ ನೋಡುವುದು

ಒಂದು ಕಾರಣ ಹೋದರೆ ಇನ್ನೊಂದು ಬಂತು. 1894ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ತಾನು ಮಾಡುತ್ತಿದ್ದ ದೊಡ್ಡ ಶಸ್ತ್ರಚಿಕಿತ್ಸೆಯ ವಿವರ ಪ್ರಕಟಿಸಿದ. ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗಂಟುಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವುದು. ಎಷ್ಟು ಹೆಚ್ಚು ತೆಗೆದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಅದು. ಹೆಂಗಸರ ಎದೆ ಕುಳಿಬೀಳುತ್ತಿತ್ತು, ಕೈ ಊದಿಕೊಳ್ಳುತ್ತಿತ್ತು. ಈ ಪದ್ಧತಿ ಸುಮಾರು ಎಂಬತ್ತು ವರ್ಷ ನಡೆಯಿತು.

ಇದರ ಜೊತೆಗೆ ಇನ್ನೊಂದು ರೂಢಿ ಇತ್ತು. ಗಂಟಿನ ಪರೀಕ್ಷೆಗೆಂದು ಹೆಂಗಸಿಗೆ ಅರಿವಳಿಕೆ ಕೊಡುತ್ತಿದ್ದರು. ಚೂರು ತೆಗೆದು ಆಗಲೇ ಪರೀಕ್ಷಿಸುತ್ತಿದ್ದರು. ಕ್ಯಾನ್ಸರ್ ಎಂದು ಬಂದರೆ ಅವಳನ್ನು ಎಬ್ಬಿಸದೆ, ಅದೇ ನಿದ್ದೆಯಲ್ಲೇ ಸ್ತನ ತೆಗೆದುಬಿಡುತ್ತಿದ್ದರು. ಹೀಗಾಗಿ ಒಂದು ಚಿಕ್ಕ ಗಂಟಿದ್ದರೂ ಹೆಂಗಸು ಮಲಗುವಾಗ, ಎದ್ದಾಗ ಎದೆ ಇರುತ್ತದೋ ಇಲ್ಲವೋ ಗೊತ್ತಿಲ್ಲದೆ ಮಲಗಬೇಕಿತ್ತು. ಎಚ್ಚರವಾದ ಕೂಡಲೇ ಮೊದಲು ಕೈ ಎದೆಗೆ ಹೋಗುತ್ತಿತ್ತು. ಇಂಥ ಕಾಲದಲ್ಲಿ ಗಂಟು ಮುಚ್ಚಿಟ್ಟವಳನ್ನು ತಪ್ಪು ಎನ್ನಲು ಆಗುತ್ತದೆಯೆ?

ಹೇಳದೆ ಇರುವುದೂ ಇತ್ತು. 1961ರಲ್ಲಿ ಅಮೆರಿಕದಲ್ಲಿ ವೈದ್ಯರನ್ನು ಕೇಳಿದಾಗ ನೂರಕ್ಕೆ ಸುಮಾರು 90 ಮಂದಿ, ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ನಮ್ಮ ರೂಢಿ ಎಂದರು. 1979ರಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿದಾಗ ನೂರಕ್ಕೆ 97 ಮಂದಿ ಹೇಳುತ್ತೇವೆ ಎಂದರು. ಹದಿನೆಂಟೇ ವರ್ಷದಲ್ಲಿ ಎಲ್ಲ ತಿರುಗಿತು.

ಮಾತಾಡಿದವರು

1952ರಲ್ಲಿ ಟೆರೀಸ್ ಲಾಸರ್ ಎಂಬಾಕೆ ತನ್ನ ಶಸ್ತ್ರಚಿಕಿತ್ಸೆಯ ನಂತರ, ಅದೇ ಕಷ್ಟದಲ್ಲಿದ್ದ ಇತರ ಹೆಂಗಸರ ಹಾಸಿಗೆಯ ಪಕ್ಕಕ್ಕೆ ಹೋಗಿ ಕೂರತೊಡಗಿದಳು. ಕೈ ಆಡಿಸುವುದು ಹೇಗೆ, ಬಟ್ಟೆ ತೊಡುವುದು ಹೇಗೆ ಎಂದು ಹೇಳಿಕೊಟ್ಟಳು. 'ನಾನೂ ದಾಟಿ ಬಂದಿದ್ದೇನೆ' ಎನ್ನುವವರು ಪಕ್ಕದಲ್ಲಿ ಕೂತರೆ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ಆಸ್ಪತ್ರೆಗಳು ನಿಧಾನವಾಗಿ ಒಪ್ಪಿಕೊಂಡವು.

1974 ಈ ಚರಿತ್ರೆಯಲ್ಲಿ ದೊಡ್ಡ ವರ್ಷ. ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ ಎದೆಯಲ್ಲಿ ಗಂಟು ಕಂಡಿತು. ಪತ್ರಕರ್ತೆಯ ಅಭ್ಯಾಸದಂತೆ ಅವಳು ನೇರ ಗ್ರಂಥಾಲಯಕ್ಕೆ ಹೋಗಿ ಓದಿದಳು. ಆಮೇಲೆ ಡಾಕ್ಟರರ ಮುಂದೆ ಒಂದೇ ಬೇಡಿಕೆ ಇಟ್ಟಳು: ಮೊದಲು ಪರೀಕ್ಷೆ ಮಾಡಿ, ನನ್ನನ್ನು ಎಬ್ಬಿಸಿ, ಹೇಳಿ, ಮುಂದಿನದನ್ನು ಆಮೇಲೆ ನೋಡೋಣ. ಎಷ್ಟೋ ಶಸ್ತ್ರವೈದ್ಯರು ಒಪ್ಪಲಿಲ್ಲ. ಅವಳು ಬಿಡದೆ ಒಪ್ಪುವವರನ್ನು ಹುಡುಕಿದಳು. ಮರುವರ್ಷ ಪುಸ್ತಕ ಬರೆದಳು, ಊರೂರಲ್ಲಿ ಮಾತಾಡಿದಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ಸಭೆ, ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ, ನಡುವೆ ರೋಗಿಗೆ ಯೋಚಿಸಲು ಸಮಯ ಇರಬೇಕು ಎಂದು ಹೇಳಿತು. ಆ ಸಮಿತಿಯಲ್ಲಿ ಡಾಕ್ಟರಲ್ಲದ ರೋಸ್ ಕೂಡ ಇದ್ದಳು.

ಅದೇ 1974ರ ಸೆಪ್ಟೆಂಬರ್ 28ರಂದು ಅಮೆರಿಕದ ಅಧ್ಯಕ್ಷರ ಹೆಂಡತಿ ಬೆಟ್ಟಿ ಫೋರ್ಡ್‌ಗೆ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ ಆಯಿತು. ಅವಳು ಅದನ್ನು ಬಚ್ಚಿಡಲಿಲ್ಲ, ದೇಶಕ್ಕೇ ಹೇಳಿದಳು. ಪರೀಕ್ಷೆಗೆ ಹೋಗುವ ಹೆಂಗಸರ ಸಾಲು ಬೆಳೆಯಿತು. ಪರ್ಷಿಯಾದ ರಾಣಿ ಮುಚ್ಚಿಟ್ಟದ್ದನ್ನು ಅಮೆರಿಕದ ಅಧ್ಯಕ್ಷರ ಮಡದಿ ಬಿಚ್ಚಿ ಹೇಳಲು ಇಷ್ಟು ಶತಮಾನ ಬೇಕಾದವು.

ಇತ್ತ ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬೆರ್ಟೊ ವೆರೊನೇಸಿ ಒಂದು ಸರಳ ಪ್ರಶ್ನೆ ಕೇಳಿದ್ದರು. ಬರೀ ಗಂಟು ತೆಗೆದು ವಿಕಿರಣ ಕೊಟ್ಟರೆ ಸಾಲದೆ? ಫಿಶರ್ ತಂಡ 1,851 ಮಹಿಳೆಯರನ್ನು, ವೆರೊನೇಸಿ ತಂಡ 701 ಮಹಿಳೆಯರನ್ನು ಇಪ್ಪತ್ತು ವರ್ಷ ಗಮನಿಸಿತು. 2002ರಲ್ಲಿ ಎರಡೂ ತಂಡಗಳ ಉತ್ತರ ಒಂದೇ ಆಗಿತ್ತು. ಶುರುವಿನ ಹಂತದಲ್ಲಿ ಸಿಕ್ಕ ಕ್ಯಾನ್ಸರಿಗೆ ಸ್ತನ ಉಳಿಸಿ ಚಿಕಿತ್ಸೆ ಕೊಟ್ಟವರೂ, ಪೂರ್ತಿ ತೆಗೆಸಿಕೊಂಡವರೂ ಅಷ್ಟೇ ಕಾಲ ಬದುಕಿದ್ದರು. ಗಂಟು ಎಂದರೆ ಎದೆಯನ್ನೇ ತೆಗೆಯುತ್ತಾರೆ ಎಂಬ ಭಯದ ಬುಡವೇ ಇದರಿಂದ ಅಲುಗಿತು. ಆದರೆ 'ಶುರುವಿನ ಹಂತ' ಎಂಬ ಮಾತನ್ನು ಮರೆಯಬಾರದು. ಹೆದರಿ ತಡಮಾಡಿದಷ್ಟೂ ಎದೆ ಉಳಿಸುವ ದಾರಿ ಕಿರಿದಾಗುತ್ತದೆ.

ನಮ್ಮ ಕಡೆಯ ಚರಿತ್ರೆ

ನಮ್ಮ ದೇಶದಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾದದ್ದು 1941ರಲ್ಲಿ. ಚೆನ್ನೈನ ಡಾ. ಮುತ್ತುಲಕ್ಷ್ಮಿ ರೆಡ್ಡಿ ತನ್ನ ತಂಗಿ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ಕಂಡವರು. ಮೂವತ್ತು ವರ್ಷ ಆ ಸಂಕಟವನ್ನು ಹೊತ್ತು, 1954ರಲ್ಲಿ ಅಡಯಾರಿನ ಕ್ಯಾನ್ಸರ್ ಸಂಸ್ಥೆ ತೆರೆದರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಬಂದದ್ದು 1973ರಲ್ಲಿ.

ಕನ್ನಡದಲ್ಲಿ ಹೆಣ್ಣಿನ ಮೈ ಬಗ್ಗೆ ಮುಜುಗರವಿಲ್ಲದೆ ಬರೆದವರಲ್ಲಿ ಡಾ. ಅನುಪಮಾ ನಿರಂಜನ ಮುಖ್ಯರು. 'ಕೇಳು ಕಿಶೋರಿ', 'ತಾಯಿ ಮಗು' ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಕೈಯಿಂದ ಕೈಗೆ ಹೋದವು. ಅವರೂ 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಲೇಖಕಿ ಬಿ.ವಿ. ಭಾರತಿ ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು 'ಸಾಸಿವೆ ತಂದವಳು' ಎಂಬ ಪುಸ್ತಕವಾಗಿ ಬರೆದಿದ್ದಾರೆ. ಗ್ರಂಥಾಲಯದಲ್ಲಿ ಸಿಕ್ಕರೆ ಓದಿ.

ಇನ್ನೊಂದು ದೊಡ್ಡ ಕೆಲಸ ಮುಂಬೈನ ಬಡ ಬಡಾವಣೆಗಳಲ್ಲಿ ನಡೆಯಿತು. 1998ರಿಂದ ಟಾಟಾ ಆಸ್ಪತ್ರೆಯವರು 1,51,538 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಎದೆಯನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದರು. ಪರೀಕ್ಷಿಸಿದವರು ಡಾಕ್ಟರರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ದೊಡ್ಡ ಯಂತ್ರವೂ ಇಲ್ಲ, ಬರೀ ಕೈ. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಗುಂಪಿನಲ್ಲಿ ರೋಗ ಬೇಗ ಪತ್ತೆಯಾಯಿತು. 50 ವರ್ಷ ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಅದಕ್ಕಿಂತ ಚಿಕ್ಕವರಲ್ಲಿ ಸಾವಿನ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇವತ್ತು ನಮ್ಮೂರ ಆಶಾ ಅಕ್ಕ ಮನೆಗೆ ಬಂದು 30 ದಾಟಿದವರಿಗೆ ಫಾರ್ಮ್ ತುಂಬುವಾಗ 'ಎದೆಯಲ್ಲಿ ಗಂಟಿದೆಯಾ' ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಯ ಹಿಂದೆ ಇಷ್ಟೆಲ್ಲ ಇದೆ. ಬಾಗಿಲಲ್ಲೇ ನಿಲ್ಲಿಸಿ 'ಏನಿಲ್ಲ' ಎಂದು ಕಳಿಸಬೇಡಿ.

ಕಾಯುವ ದಿನಗಳಲ್ಲಿ

ಈಗ ಪರೀಕ್ಷೆ ಮೂರು ಹೆಜ್ಜೆಯದು. ಡಾಕ್ಟರು ಕೈಯಿಂದ ನೋಡುತ್ತಾರೆ. ವಯಸ್ಸು ನೋಡಿ ಅಲ್ಟ್ರಾಸೌಂಡ್ ಅಥವಾ ಮ್ಯಾಮೊಗ್ರಾಂ ಮಾಡಿಸುತ್ತಾರೆ. ಬೇಕೆನಿಸಿದರೆ ಸೂಜಿಯಿಂದ ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. 'ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ' ಎಂಬ ಮಾತು ಎಲ್ಲ ಊರಲ್ಲೂ ಇದೆ. ಆ ಹೆದರಿಕೆಯಿಂದ ಪರೀಕ್ಷೆ ಬಿಡಬೇಡಿ. ಮಲಗಿಸಿ ಎದೆ ತೆಗೆಯುವ ಆ ಹಳೇ ಪದ್ಧತಿ ಹೋಗಲು ಸೂಜಿ ಪರೀಕ್ಷೆಯೂ ಒಂದು ಕಾರಣ.

ಗಂಟು ಗಟ್ಟಿಯಾಗಿದ್ದರೆ, ಚರ್ಮ ಗುಳಿಬಿದ್ದರೆ, ತೊಟ್ಟು ಒಳಕ್ಕೆ ಎಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲಿ ಗಂಟು ಸಿಕ್ಕರೆ ಆ ವಾರದಲ್ಲೇ ತೋರಿಸಿ. ನೋವಿಲ್ಲ ಎಂದು ಸುಮ್ಮನಿರಬೇಡಿ. ಕ್ಯಾನ್ಸರಿನ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದಿಲ್ಲ.

ಇನ್ನು ಮನಸ್ಸಿನ ಮಾತು. ಚರಿತ್ರೆಯಿಂದ ನಮಗೆ ಸಿಕ್ಕದ್ದು ಇವು.

ಒಬ್ಬರಿಗಾದರೂ ಹೇಳಿ. ಊರಿಗೆಲ್ಲ ಹೇಳಬೇಕಿಲ್ಲ. ಜೊತೆಗೆ ಆಸ್ಪತ್ರೆಗೆ ಬರುವ ಒಬ್ಬರು ಸಾಕು.

ದಿನಾಂಕ ಕೇಳಿ. ರಿಪೋರ್ಟ್ ಯಾವತ್ತು, ಯಾರ ಹತ್ತಿರ, ಯಾವ ಕೋಣೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಫ್ಯಾನಿಯನ್ನು ಕಾಡಿದ್ದು ದಿನ ಗೊತ್ತಿಲ್ಲದ ಕಾಯುವಿಕೆ. ಮೂರು ದಿನ ಎಂದು ಗೊತ್ತಿದ್ದರೆ ಮೂರು ದಿನ ತಳ್ಳಬಹುದು.

ಗಂಟನ್ನು ಪದೇ ಪದೇ ಒತ್ತಿ ನೋಡಬೇಡಿ. ಒತ್ತಿದಷ್ಟೂ ನೋಯುತ್ತದೆ, ನೋವು ಕಂಡು ಮತ್ತೆ ಹೆದರಿಕೆ. ಚೀನಾದ ಶಾಂಘೈಯಲ್ಲಿ ಬಟ್ಟೆ ಗಿರಣಿಯ 2,66,064 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ಲೆಕ್ಕವಿಟ್ಟು ಸ್ವಂತ ಪರೀಕ್ಷೆ ಮಾಡಿಕೊಂಡವರಲ್ಲಿ ಸಾವು ಕಡಿಮೆಯಾಗಲಿಲ್ಲ, ಕ್ಯಾನ್ಸರ್ ಅಲ್ಲದ ಗಂಟುಗಳು ಮಾತ್ರ ಹೆಚ್ಚು ಸಿಕ್ಕವು. ನಿಮ್ಮ ಎದೆ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ತಿಳಿದಿರಿ, ಬದಲಾದರೆ ತೋರಿಸಿ. ಅಷ್ಟು ಸಾಕು.

ರಾತ್ರಿ ಮೊಬೈಲಿನಲ್ಲಿ ಕ್ಯಾನ್ಸರಿನ ವಿಡಿಯೋ ನೋಡುತ್ತಾ ಮಲಗಬೇಡಿ. ನೀವು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ. ರೋಸ್ ಕುಶ್ನರ್ ಮಾಡಿದ್ದೂ ಅದನ್ನೇ, ಪ್ರಶ್ನೆ ಕೇಳುವುದನ್ನು.

ಮನೆಯ ಗಂಡಸರಿಗೆ ಒಂದು ಮಾತು. 'ಏನಾಗಲ್ಲ ಬಿಡು' ಎಂದು ಬಾಯಿ ಮುಚ್ಚಿಸಬೇಡಿ. 'ನಾಳೆ ಹೋಗೋಣ, ನಾನೂ ಬರ್ತೀನಿ' ಎನ್ನಿ. ಆ ದಿನದ ಹಾಲು ಕರೆಯುವುದು, ಅಡುಗೆ, ಮಕ್ಕಳನ್ನು ಶಾಲೆಗೆ ಕಳಿಸುವುದು ನಿಮ್ಮ ಕೆಲಸ ಮಾಡಿಕೊಳ್ಳಿ. ಎಷ್ಟೋ ಹೆಂಗಸರು ಆಸ್ಪತ್ರೆಗೆ ಹೋಗದಿರುವುದು ಭಯದಿಂದಲ್ಲ, ಮನೆ ಬಿಟ್ಟು ಹೊರಡಲು ಆಗದ್ದರಿಂದ.

ನಿದ್ದೆ ಬಾರದೆ, ಊಟ ಸೇರದೆ, ಎದೆ ಡವಗುಟ್ಟುತ್ತಾ ದಿನಗಳು ಹೋಗುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪರೀಕ್ಷೆ ಮಾಡಿಸಿದವರಲ್ಲಿ ಹೆಚ್ಚಿನವರು 'ಕ್ಯಾನ್ಸರ್ ಅಲ್ಲ' ಎಂಬ ಚೀಟಿ ಹಿಡಿದು ಮನೆಗೆ ಬರುತ್ತಾರೆ. ಕೆಲವರಿಗೆ ಕ್ಯಾನ್ಸರ್ ಎಂದೇ ಬರುತ್ತದೆ. ಅವರಿಗೂ ಇವತ್ತು ದಾರಿ ಇದೆ, ಬೇಗ ಹೋದಷ್ಟೂ ಆ ದಾರಿ ಹಗುರ. ಇದನ್ನು ಓದುತ್ತಿರುವ ನಿಮಗೆ ಗಂಟಿದ್ದರೆ ನಾಳೆ ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಇಲ್ಲದಿದ್ದರೆ, ಓದಲು ಬಾರದ ಅಜ್ಜಿಗೋ ಅತ್ತೆಗೋ ಇದನ್ನು ಓದಿ ಹೇಳಿ. ಹೇಳುವಾಗ ದನಿ ತಗ್ಗಿಸಬೇಡಿ.